ಪ್ರಸಂಗದ ಹೊತ್ತಿಗೆ ಮೊಬೈಲ್ ಬರೀ ನೋಟ್‌ಬುಕ್ ಆಗಲಿ

ಭಾನುವಾರದ ಆರಾಧನೆಯ ಪ್ರಸಂಗ ಬರೆದುಕೊಳ್ಳಲು ಯಾವ ಆ್ಯಪ್ ಒಳ್ಳೆಯದು ಅಂತ ಮಂಗಳೂರಿನ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಯೌವನಸ್ಥರು ಕೇಳುತ್ತಿರುತ್ತಾರೆ. ಗೂಗಲ್ ಕೀಪ್ ಸಾಕು, ಫೋನಿನ ಜೊತೆಗೇ ಬಂದ ನೋಟ್ಸ್ ಆದರೂ ಸಾಕು. ಬರೆಯಲು ಖಾಲಿ ಜಾಗ, ಆಮೇಲೆ ಹುಡುಕುವ ಅನುಕೂಲ ಇದ್ದರೆ ಆಯಿತು. ಕಷ್ಟವೆಲ್ಲ ಆ್ಯಪಿನ ಆಚೆ ಇದೆ. ಅದೇ ಫೋನಿನಲ್ಲಿ ವಾಟ್ಸಾಪ್ ಇದೆ, ಆಫೀಸಿನ ಮೇಲ್ ಇದೆ, ಕ್ರಿಕೆಟ್ ಸ್ಕೋರ್ ಇದೆ.

ಸೈಲೆಂಟ್ ಮಾಡಿದರೆ ಸಾಲದು. ಸದ್ದು ನಿಂತರೂ ಪರದೆಯ ಮೇಲ್ಗಡೆ ಸಂದೇಶ ಇಣುಕುತ್ತದೆ, ಕಣ್ಣು ಅಲ್ಲಿಗೆ ಹೋಗುತ್ತದೆ. ನಾನು ದೇವಾಲಯದ ಗೇಟಿನ ಹೊರಗೇ ಡೇಟಾ ಆಫ್ ಮಾಡಿ, ಡು ನಾಟ್ ಡಿಸ್ಟರ್ಬ್ ಹಾಕುತ್ತೇನೆ. ಏರೋಪ್ಲೇನ್ ಮೋಡ್ ಇನ್ನೂ ಬಿಗಿ, ಆದರೆ ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ. ಡು ನಾಟ್ ಡಿಸ್ಟರ್ಬ್‌ನಲ್ಲಿ ನಾವು ಗುರುತು ಮಾಡಿದ ನಂಬರುಗಳ ಕರೆಯನ್ನಷ್ಟೇ ಒಳಗೆ ಬಿಡಬಹುದು. ಆಂಡ್ರಾಯ್ಡ್‌ನಲ್ಲಿ, 15 ನಿಮಿಷದೊಳಗೆ ಒಬ್ಬರೇ ಎರಡನೇ ಸಲ ಕರೆ ಮಾಡಿದರೆ ರಿಂಗ್ ಆಗುವಂತೆಯೂ ಇಟ್ಟುಕೊಳ್ಳಬಹುದು. ಅಮ್ಮನ ಕರೆ ಬಂದೇ ಬರುತ್ತದೆ ಎಂಬ ಧೈರ್ಯ ಇರುವುದರಿಂದ ಫೋನನ್ನು ಮತ್ತೆ ಮತ್ತೆ ನೋಡಬೇಕು ಅನ್ನಿಸುವುದಿಲ್ಲ.

ಇದರ ಜೊತೆಗೆ, ಪರದೆಯಲ್ಲಿ ಒಂದೇ ಆ್ಯಪನ್ನು ನಿಲ್ಲಿಸುವ ಆ್ಯಪ್ ಪಿನ್ನಿಂಗ್. ಆಂಡ್ರಾಯ್ಡ್‌ನ ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ. ಐಫೋನಿನಲ್ಲಿ ಈ ಕೆಲಸಕ್ಕೆ ಗೈಡೆಡ್ ಆಕ್ಸೆಸ್ ಇದೆ. ನೋಟ್ಸ್ ಆ್ಯಪನ್ನು ಹೀಗೆ ಕಟ್ಟಿಹಾಕಿ, ಬಿಡಿಸಲು ಪಿನ್ ಕೇಳುವಂತೆ ಇಟ್ಟರೆ ಹೊರಗೆ ಹೋಗಲು ಪಿನ್ ಒತ್ತಬೇಕು. ಅಷ್ಟು ಹೊತ್ತಿನಲ್ಲಿ ಮನಸ್ಸು ಎಚ್ಚರವಾಗುತ್ತದೆ.

ಇನ್ನೊಂದು ಮಾತನ್ನು ಖಡಾಖಂಡಿತವಾಗಿ ಹೇಳುತ್ತೇನೆ: ಪ್ರಸಂಗದ ಹೊತ್ತಿಗೆ ಸತ್ಯವೇದ ಫೋನಿನಲ್ಲಿ ಬೇಡ, ಕೈಯಲ್ಲಿರಲಿ. ಯೂವರ್ಷನ್ ಆ್ಯಪಿನಲ್ಲಿ ಕನ್ನಡ ಸತ್ಯವೇದ ಇದೆ, ಮನೆಯಲ್ಲಿ ನಾನೂ ಅದನ್ನು ಓದುತ್ತೇನೆ. ಆದರೆ ಪ್ರಸಂಗದ ನಡುವೆ ತೆರೆದರೆ ಒಂದು ವಚನದಿಂದ ಇನ್ನೊಂದು ಅನುವಾದಕ್ಕೆ, ಅಲ್ಲಿಂದ ಮತ್ತೆಲ್ಲಿಗೋ ಬೆರಳು ಜಾರುತ್ತದೆ. ವಾಟ್ಸಾಪ್ ನೋಡಿದರೆ ತಪ್ಪೆಂದು ಗೊತ್ತಾಗುತ್ತದೆ. ಇಲ್ಲಿ ಭಕ್ತಿಯ ಕೆಲಸವನ್ನೇ ಮಾಡುತ್ತಿದ್ದೇನೆ ಅನ್ನಿಸುವುದರಿಂದ ಪ್ರಸಂಗ ಮಾಡುವ ಅಯ್ಯನವರ ಮಾತು ಎಷ್ಟೋ ಮುಂದೆ ಹೋಗಿದ್ದೂ ತಿಳಿಯುವುದಿಲ್ಲ.

ಎಷ್ಟು ಬರೆಯಬೇಕು? ಲ್ಯಾಪ್‌ಟಾಪಿನಲ್ಲಿ ಟಿಪ್ಪಣಿ ಮಾಡುವ ವಿದ್ಯಾರ್ಥಿಗಳು ಕೇಳಿದ್ದನ್ನು ಹಾಗೆಹಾಗೇ ಇಳಿಸುವ ಕಡೆ ವಾಲುತ್ತಾರೆಂದು ಪ್ಯಾಮ್ ಮುಲ್ಲರ್ ಮತ್ತು ಡೇನಿಯಲ್ ಒಪ್ಪೆನ್‌ಹೈಮರ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಕೈಬರಹವೇ ಮೇಲು ಎಂಬ ಅದರ ತೀರ್ಮಾನ ಆಮೇಲಿನ ಮರುಪ್ರಯೋಗಗಳಲ್ಲಿ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಹಾಗೆಹಾಗೇ ಇಳಿಸುವ ಚಾಳಿ ಮಾತ್ರ ನಿಜ. ಕನ್ನಡ ಕೀಬೋರ್ಡಿನಲ್ಲಿ ನನ್ನ ಬೆರಳು ನಿಧಾನ, ಅದೇ ಒಳ್ಳೆಯದಾಗಿದೆ. ಎಲ್ಲವನ್ನೂ ಹಿಡಿಯಲಾಗದು, ಆರಿಸಿಕೊಳ್ಳಲೇಬೇಕು. ಲೂಕ 15ರ ತಪ್ಪಿಹೋದ ಮಗನ ಸಾಮ್ಯದ ಮೇಲೆ ಪ್ರಸಂಗ ನಡೆದ ದಿನ ನನ್ನ ಟಿಪ್ಪಣಿ ಇಷ್ಟೇ: ‘ಲೂಕ 15:20, 28. ತಂದೆ ಎರಡು ಸಲ ಹೊರಗೆ ಬಂದ. ಕಿರಿಯವನಿಗಾಗಿ ಓಡಿ, ಹಿರಿಯವನಿಗಾಗಿ ಬೇಡಿಕೊಂಡು.’ ಇಡೀ ಪ್ರಸಂಗ ನೆನಪಾಗಲು ಅಷ್ಟು ಸಾಕಾಯಿತು.

ಶನಿವಾರ ರಾತ್ರಿಯೇ ಅರ್ಧ ಕೆಲಸ ಮುಗಿಸಿಡಬಹುದು. ಸಿಎಸ್‌ಐ ಆಲ್ಮನಾಕ್‌ನಲ್ಲಿ ಆಯಾ ಭಾನುವಾರದ ವಿಷಯ, ಪಾಠಗಳು ಮೊದಲೇ ಇರುತ್ತವೆ. ಅವನ್ನು ಓದಿ, ತಾರೀಕು ಹಾಕಿ, ಪುಟ ಸಿದ್ಧ ಮಾಡಿಟ್ಟರೆ ಬೆಂಚಿನಲ್ಲಿ ಕುಳಿತಾಗ ಹುಡುಕಾಟ ಇರುವುದಿಲ್ಲ.

ಹಿಂದಿನ ಬೆಂಚಿನ ಹಿರಿಯರೊಬ್ಬರು ಒಮ್ಮೆ, “ಏನಮ್ಮಾ, ದೇವಸನ್ನಿಧಿಯಲ್ಲೂ ಮೊಬೈಲಾ?” ಎಂದು ಕೇಳಿದರು. ಬರೆದದ್ದನ್ನು ತೋರಿಸಿದೆ. “ನೀನು ಬರೀತಿದ್ದೀ ಅಂತ ಚಿಕ್ಕ ಮಕ್ಕಳಿಗೆ ಹೇಗೆ ಗೊತ್ತಾಗಬೇಕು?” ಅಂದರು. ಅವರ ಮಾತಿನಲ್ಲಿ ನ್ಯಾಯವಿದೆ. ಅದಕ್ಕೇ ಪರದೆಯ ಬೆಳಕು ತಗ್ಗಿಸಿ, ತೆರೆದ ಸತ್ಯವೇದದ ಮೇಲೇ ಫೋನ್ ಇಟ್ಟುಕೊಳ್ಳುತ್ತೇನೆ, ಮುಖದ ಮುಂದೆ ಎತ್ತಿ ಹಿಡಿಯುವುದಿಲ್ಲ. ದೃಢೀಕರಣದ ತರಗತಿಯ ಮಕ್ಕಳಿಗಂತೂ ಮೊದಲು ಕಾಗದದ ಪುಸ್ತಕವನ್ನೇ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಆರಿಸಿ ಬರೆಯುವುದು ಕೈಗೆ ಹತ್ತಿದ ಮೇಲೆ ಫೋನ್ ಬರಲಿ.

ಆಶೀರ್ವಾದ ಮುಗಿದ ಕೂಡಲೇ ಡೇಟಾ ಆನ್ ಮಾಡುವುದಿಲ್ಲ. ಅಮ್ಮನಿಗೆ ಈಗ ದೇವಾಲಯಕ್ಕೆ ಬರಲಾಗುವುದಿಲ್ಲ. ಮೊದಲು ಮನೆಗೆ ಹೋಗಿ ಟಿಪ್ಪಣಿ ನೋಡಿಕೊಂಡು ಅವರಿಗೆ ಪ್ರಸಂಗ ಹೇಳುತ್ತೇನೆ. ಲೂಕ 15ರ ದಿನ ಕೇಳಿಸಿಕೊಂಡು ಅಮ್ಮ, “ಹಿರೀ ಮಗ ಕೊನೆಗೆ ಒಳಗೆ ಹೋದನಾ?” ಅಂದರು. ಲೂಕ ಅದನ್ನು ಹೇಳಿಲ್ಲ. ಅಮ್ಮನ ಪ್ರಶ್ನೆಯನ್ನೂ ಅದೇ ಪುಟದ ಕೆಳಗೆ ಸೇರಿಸಿದೆ, ಆ ವಾರದ ಮನೆ ಕೂಟದಲ್ಲಿ ಅದರ ಮೇಲೆಯೇ ಮಾತು ನಡೆಯಿತು.