ರೈಜೋಬಿಯಂ ಲೇಪನಕ್ಕೆ ಬೆಲ್ಲದ ಪಾಕ ತಣಿಸುವ ಕ್ರಮ

ತೊಗರಿ, ಶೇಂಗಾ, ಸೋಯಾ ಅವರೆ ಬೀಜಗಳಿಗೆ ರೈಜೋಬಿಯಂ ಲೇಪಿಸಿದರೂ ಕೆಲವು ಹೊಲಗಳಲ್ಲಿ ಬೇರುಗಂಟುಗಳು ಸರಿಯಾಗಿ ಕಟ್ಟುವುದಿಲ್ಲ. ಇದಕ್ಕೊಂದು ಕಾರಣ, ಬಿತ್ತನೆಯ ಅವಸರದಲ್ಲಿ ಬಿಸಿ ಪಾಕಕ್ಕೇ ಗೊಬ್ಬರ ಬೆರೆಸುವುದು. ಈ ಜೀವಾಣುಗಳಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತ. 40 ಡಿಗ್ರಿ ಮೀರಿದ ಬಿಸಿ ಹಾನಿಕರ.

ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ ಹಾಕಿ 15 ನಿಮಿಷ ಕುದಿಸಬೇಕು. ನಂತರ ತಣಿಸಲು ಈ ಕ್ರಮ ಅನುಸರಿಸಿರಿ:

1. ಬಿಡುವಿದ್ದರೆ ಹಿಂದಿನ ಸಂಜೆಯೇ ಕುದಿಸಿ, ಮುಚ್ಚಿಡಿರಿ. ಬೆಳಿಗ್ಗೆ ಪಾಕ ಸಿದ್ಧವಾಗಿರುತ್ತದೆ.

2. ತುರ್ತಿದ್ದರೆ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಶುದ್ಧ ಸೌಟಿನಿಂದ ಕದಡುತ್ತಿರಿ. ಗಾಳಿಗಿಂತ ನೀರು ಬಿಸಿಯನ್ನು ಬೇಗ ಹೀರುತ್ತದೆ. ಹೊರಗಿನ ನೀರು ಬೆಚ್ಚಗಾದೊಡನೆ ಬದಲಿಸಿರಿ.

3. ಪಾಕಕ್ಕೆ ತಣ್ಣೀರು ಸುರಿಯಬೇಡಿರಿ. ಅಂಟು ಕಡಿಮೆಯಾಗುತ್ತದೆ; ಬೇಡದ ಜೀವಾಣುಗಳೂ ಸೇರುತ್ತವೆ.

ಪಾತ್ರೆಯ ಹೊರಮೈಗೆ ಮುಂಗೈ ತಾಗಿಸಿದಾಗ ಬಿಸಿ ತಿಳಿಯಬಾರದು. ಆಗ 400 ಮಿಲಿಲೀಟರ್ ಪಾಕಕ್ಕೆ ಆಯಾ ಬೆಳೆಗೆ ಮೀಸಲಾದ 200 ಗ್ರಾಂ ಗೊಬ್ಬರ ಕಲಸಿ, 10 ಕಿಲೋ ಬೀಜಕ್ಕೆ ಮೃದುವಾಗಿ ಲೇಪಿಸಿರಿ. ಶಿಲೀಂಧ್ರನಾಶಕದ ಉಪಚಾರವಿದ್ದರೆ ಅದನ್ನು ಮೊದಲೇ ಮುಗಿಸಿರಬೇಕು. ಬೀಜವನ್ನು ನೆರಳಲ್ಲಿ ಆರಿಸಿ, ಅಂದೇ ಬಿತ್ತಿರಿ.

ಹೂ ಬಿಡುವ ವೇಳೆಗೆ ಒಂದೆರಡು ಗಿಡ ಅಗೆದು, ಬೇರುಗಂಟು ಸೀಳಿ ನೋಡಿರಿ. ಒಳಗೆ ನಸುಗೆಂಪಿದ್ದರೆ ಸಾರಜನಕ ಸ್ಥಿರೀಕರಣ ನಡೆಯುತ್ತಿದೆ ಎಂದರ್ಥ.