ಉಚಿತ ಅಂದರೆ ಯಾರ ದುಡ್ಡು?

ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಸಂಜೆ ಏಳು ಗಂಟೆ. ಕಲಿಕಾ ಕೇಂದ್ರದಲ್ಲಿ ದೀಪ ಉರಿಯುತ್ತಿದೆ. ಹೆಂಗಸರು ಗದ್ದೆ ಕೆಲಸ ಮುಗಿಸಿ, ಮನೆಯವರಿಗೆ ಮುದ್ದೆ ಸಾರು ಮಾಡಿಟ್ಟು ಬಂದಿದ್ದಾರೆ. ಎಲ್ಲರ ಕೈಯಲ್ಲೂ ಪುಸ್ತಕ ಇದೆ. ಮೂಲೆಮನೆಯಕ್ಕ ಮಾತ್ರ ಸಪ್ಪಗೆ ಕೂತಿದ್ದಾಳೆ.

"ಯಾಕಕ್ಕ, ಹಿಂಗೆ ಕೂತಿದ್ದೀಯ?" ಕಲಿಸುವ ಹುಡುಗಿ ಕೇಳಿದಳು.

"ಏನೇಳ್ಲಿ ಕಣವ್ವ. ಮಗಳ ಸ್ಕೂಲು ಬುಡಿಸ್ಬೇಕು ಅಂತವ್ರೆ ನಮ್ಮನೆಯವ್ರು. ಏಳನೇ ಕ್ಲಾಸು. ಬೋರ್ಡಿನ ಮೇಲೆ ಬರೆದದ್ದು ತಲೆಗೇ ಹತ್ತಲ್ವಂತೆ. ಯಾವಾಗ್ಲೂ ತಲೆನೋವು ಅಂತಾಳೆ. ಕಬ್ಬಿನ ಗದ್ದೆ ಕೆಲಸಕ್ಕಾದ್ರೂ ಬರ್ಲಿ ಅಂತವ್ರೆ."

"ಸ್ಕೂಲಿಗೆ ಡಾಕ್ಟರು ಬಂದಿರಲಿಲ್ವ?"

"ಬಂದಿದ್ರು. ಒಂದು ಚೀಟಿ ಕೊಟ್ಟಿದ್ರು. ಆಸ್ಪತ್ರೆಗೆ ಹೋಗ್ಬೇಕಂತೆ ಅಂದ್ಲು ಮಗಳು. ಆಸ್ಪತ್ರೆ ಅಂದ್ರೆ ದುಡ್ಡಲ್ವ? ಎಲ್ಲಿಂದ ತರೋದು ಅಂತ ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದೆ."

ಅವಳು ಸೆರಗಿನ ಗಂಟು ಬಿಚ್ಚಿದಳು. ಮಡಿಸಿದ ಚೀಟಿ ಹೊರಗೆ ಬಂತು.

"ಈಗ ನೀನೇ ಓದಕ್ಕ."

ಮೂಲೆಮನೆಯಕ್ಕ ಅಕ್ಷರದ ಮೇಲೆ ಬೆರಳಿಟ್ಟಳು. "ಕಣ್... ಕಣ್ಣು. ದೃಷ್ಟಿ ದೋಷ. ತಾಲ್ಲೂಕು ಆಸ್ಪತ್ರೆ, ಮಳವಳ್ಳಿ." ಒಂದು ನಿಮಿಷ ಸುಮ್ಮನಾದಳು. ಕೊನೆಯ ಸಾಲಿಗೆ ಬಂದಳು. "ಕನ್ನಡಕ. ಉ... ಚಿ... ತ."

ಅವಳ ಕಣ್ಣು ತುಂಬಿತು. "ಅಯ್ಯೋ, ಇದೊಂದು ಮಾತು ಗೊತ್ತಿದ್ರೆ ಅವತ್ತೇ ಹೋಗ್ತಿದ್ನಲ್ಲವ್ವ! ಮಗಿಗೆ ಬುದ್ಧಿ ಕಮ್ಮಿ ಇಲ್ಲ. ಬೋರ್ಡು ಕಾಣ್ತಿಲ್ಲ!"

ಪಕ್ಕದಲ್ಲಿದ್ದ ಅಜ್ಜಿ ಕೇಳಿದಳು. "ಉಚಿತ ಅಂದ್ರೆ ಸರ್ಕಾರದೋರು ದಾನ ಕೊಡ್ತಾರಾ?"

ಹುಡುಗಿ ನಕ್ಕಳು. "ದಾನ ಅಲ್ಲ ಅಜ್ಜಿ. ನೀನು ಅಂಗಡೀಲಿ ಸೋಪು ತಗೋತೀಯ, ತಲೆಗೆ ಎಣ್ಣೆ ತಗೋತೀಯ. ಆ ಬೆಲೆಯೊಳಗೆ ತೆರಿಗೆ ಸೇರಿದೆ. ಅದು ಸರ್ಕಾರದ ಬೊಕ್ಕಸಕ್ಕೆ ಹೋಗುತ್ತೆ. ಅದೇ ದುಡ್ಡು ನಮ್ಮ ಮಕ್ಕಳ ಶಾಲೆಗೆ ವಾಪಸ್ ಬರುತ್ತೆ. ಅದು ನಮ್ಮದೇ ದುಡ್ಡು."

ಶಾಲೆಗೆ ಏನೇನು ಬರುತ್ತದೆ? ಒಂದೊಂದಾಗಿ ತಿಳಿಯೋಣ.

ಬಿಸಿಯೂಟ

ಮೊದಲು ಶಾಲೆಯಲ್ಲಿ ಊಟ ಇರಲಿಲ್ಲ. 1995ರಲ್ಲಿ ಕೇಂದ್ರ ಸರ್ಕಾರದ ಯೋಜನೆ ಬಂತು. ಆಗ ಮಕ್ಕಳ ಮನೆಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಡುತ್ತಿದ್ದರು. ಮಕ್ಕಳಿಗೆ ಶಾಲೆಯಲ್ಲೇ ಬೇಯಿಸಿದ ಊಟ ಕೊಡಿ ಎಂದು ಸುಪ್ರೀಂ ಕೋರ್ಟು 2001ರಲ್ಲಿ ಆದೇಶ ಮಾಡಿತು. ಕರ್ನಾಟಕದಲ್ಲಿ 2002ರಲ್ಲಿ ಉತ್ತರದ ಕೆಲವು ಜಿಲ್ಲೆಗಳಲ್ಲಿ ಬಿಸಿಯೂಟ ಶುರುವಾಯಿತು. ಆಮೇಲೆ ಉಳಿದ ಜಿಲ್ಲೆಗಳಿಗೂ ಬಂತು. ಇದರ ಹೆಸರು ಅಕ್ಷರ ದಾಸೋಹ.

2013ರ ಆಹಾರ ಭದ್ರತಾ ಕಾಯಿದೆಯಲ್ಲಿ ಈ ಊಟ ಮಕ್ಕಳ ಹಕ್ಕು ಎಂದು ಬರೆದಿದೆ. ಅಕ್ಕಿಯನ್ನು ಕೇಂದ್ರ ಸರ್ಕಾರ ಕೊಡುತ್ತದೆ. ಬೇಳೆ, ತರಕಾರಿ, ಎಣ್ಣೆಯ ಖರ್ಚಿನಲ್ಲಿ ನೂರು ರೂಪಾಯಿಗೆ 60 ರೂಪಾಯಿ ಕೇಂದ್ರದ್ದು, 40 ರೂಪಾಯಿ ರಾಜ್ಯದ್ದು.

ಒಂದು ಮಗುವಿಗೆ ಒಂದು ದಿನಕ್ಕೆ ಎಷ್ಟು?

1ರಿಂದ 5ನೇ ತರಗತಿ: ಅಕ್ಕಿ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ.

6ರಿಂದ 8ನೇ ತರಗತಿ: ಅಕ್ಕಿ 150 ಗ್ರಾಂ, ಬೇಳೆ 30 ಗ್ರಾಂ, ತರಕಾರಿ 75 ಗ್ರಾಂ.

ಸಾರು ನೀರಾಗಿದ್ದರೆ ಈ ಲೆಕ್ಕ ನೆನಪಿರಲಿ.

ಹಾಲು, ಮೊಟ್ಟೆ

ನಾವು ಬೆಳಿಗ್ಗೆ ಎದ್ದು ಹಸು, ಎಮ್ಮೆ ಕರೆದು ಡೇರಿಗೆ ಹಾಲು ಹಾಕುತ್ತೇವೆ. ನಮ್ಮ ಜಿಲ್ಲೆಯ ಹಾಲು ಒಕ್ಕೂಟ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿದೆ. ಹೀಗೆ ಊರೂರಿನ ರೈತರು ಹಾಕಿದ ಹಾಲಿನಿಂದ ಹಾಲಿನ ಪುಡಿ ಆಗುತ್ತದೆ. ರಾಜ್ಯ ಸರ್ಕಾರ ಆ ಪುಡಿ ಕೊಂಡು ಶಾಲೆಗೆ ಕೊಡುತ್ತದೆ. ಇದು ಕ್ಷೀರಭಾಗ್ಯ. 2013ರ ಆಗಸ್ಟ್ 1ರಂದು ಶುರುವಾಯಿತು. ಮೊದಲು ವಾರಕ್ಕೆ 3 ದಿನ ಇತ್ತು, 2017ರಲ್ಲಿ 5 ದಿನ ಆಯಿತು. ಒಂದು ಮಗುವಿಗೆ 150 ಮಿಲಿ ಲೀಟರ್ ಹಾಲು. ಹೀಗೆ ರೈತರಿಗೂ ದುಡ್ಡು, ಮಕ್ಕಳಿಗೂ ಹಾಲು.

ಮೊಟ್ಟೆ ವಾರಕ್ಕೆ 2 ದಿನ ಇತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರದ ಜೊತೆ ಕೈ ಸೇರಿಸಿತು. ವಾರಕ್ಕೆ 6 ದಿನ ಆಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು.

ಡಾಕ್ಟರ ಪರೀಕ್ಷೆ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಡಾಕ್ಟರು, ನರ್ಸಮ್ಮ ಜೀಪಿನಲ್ಲಿ ಬರುತ್ತಾರೆ. ಸರ್ಕಾರಿ ಶಾಲೆಗೆ ವರ್ಷಕ್ಕೆ ಒಂದು ಸಲ, ಅಂಗನವಾಡಿಗೆ ಎರಡು ಸಲ ಬರಬೇಕು. ಕಣ್ಣು, ಕಿವಿ, ಹಲ್ಲು, ಹೃದಯ, ರಕ್ತಹೀನತೆ ಎಲ್ಲ ನೋಡುತ್ತಾರೆ. ದೋಷ ಕಂಡರೆ ಚೀಟಿ ಬರೆದು ಆಸ್ಪತ್ರೆಗೆ ಕಳಿಸುತ್ತಾರೆ. ಮುಂದಿನ ಚಿಕಿತ್ಸೆಗೂ ದುಡ್ಡು ಕೊಡಬೇಕಿಲ್ಲ. ಹುಳುವಿನ ಮಾತ್ರೆ, ಕಬ್ಬಿಣಾಂಶದ ಮಾತ್ರೆ ಕೂಡ ಶಾಲೆಯಲ್ಲೇ ಕೊಡುತ್ತಾರೆ.

ಆದರೆ ಡಾಕ್ಟರು ಬರೆದ ಚೀಟಿ ಪಟದ ಹಿಂದೆ ಉಳಿದರೆ ಏನು ಬಂತು? ಸರ್ಕಾರ ದುಡ್ಡು ಕೊಟ್ಟರೂ ಮಗುವಿಗೆ ಕನ್ನಡಕ ಸಿಗುವುದಿಲ್ಲ.

ನಾವು ಕೇಳಬಹುದು

ಪ್ರತಿ ಸರ್ಕಾರಿ ಶಾಲೆಗೂ ಎಸ್.ಡಿ.ಎಂ.ಸಿ. ಎಂಬ ಸಮಿತಿ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಯರು ಇರಬೇಕು. ಅರ್ಧ ಜನ ಹೆಂಗಸರು ಇರಬೇಕು. ಊಟದ ಗುಣ, ಅಡುಗೆಮನೆಯ ಶುಚಿ ನೋಡುವುದು ಸಮಿತಿಯ ಕೆಲಸ. ಹೆಸರಿಗೆ ಮಾತ್ರ ಸದಸ್ಯೆ ಆಗಬೇಡಿ. ಸಭೆಗೆ ಹೋಗಿ. ಪುಸ್ತಕ ಓದಿ, ಆಮೇಲೆ ಸಹಿ ಹಾಕಿ.

ಯಾವುದೋ ಕಾರಣಕ್ಕೆ ಶಾಲೆಯಲ್ಲಿ ಊಟ ಮಾಡಲಿಲ್ಲ ಅನ್ನಿ. ಆ ದಿನದ ಧಾನ್ಯ ಮತ್ತು ಅಡುಗೆ ಖರ್ಚಿನ ದುಡ್ಡು ಮಗುವಿಗೆ ಸಿಗಬೇಕು. ಮುಂದಿನ ತಿಂಗಳು 15ನೇ ತಾರೀಖಿನ ಒಳಗೆ ಕೊಡಬೇಕು. 2015ರ ನಿಯಮದಲ್ಲಿ ಹೀಗಿದೆ.

ಸೋಮವಾರ ಮೂಲೆಮನೆಯಕ್ಕ ಕೂಲಿಗೆ ಹೋಗಲಿಲ್ಲ. ಮಗಳನ್ನು ಮಳವಳ್ಳಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕೆಲವು ದಿನಗಳ ಮೇಲೆ ಕನ್ನಡಕ ಬಂತು. ತಾಯಿ ಮಗಳು ಬಸ್ಸಿಗೆ ಕಾಯುತ್ತಿದ್ದರು. ದೂರದಲ್ಲಿ ಒಂದು ಬಸ್ಸು ಕಂಡಿತು.

"ಅವ್ವ, ಮದ್ದೂರು, ಮಂಡ್ಯ ಅಂತ ಬರೆದದೆ. ನಮ್ ಬಸ್ಸಲ್ಲ" ಅಂದಳು ಮಗಳು.

ಬಸ್ಸು ಹತ್ತಿರ ಬಂತು. ತಾಯಿಯೂ ಓದಿದಳು. ಮದ್ದೂರು, ಮಂಡ್ಯ. ಹೌದು, ಮಗಳು ಹೇಳಿದ್ದು ಸರಿ.

ಈಗ ಆ ಹುಡುಗಿ ಶಾಲೆಯಲ್ಲಿ ಮುಂದಿನ ಬೆಂಚಿನಲ್ಲೇ ಕೂರಬೇಕಾಗಿಲ್ಲ. ಶಾಲೆ ಬಿಡಿಸುವ ಮಾತನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ.

ಓದಿ, ಬರೆಯಿರಿ

ಉಚಿತ, ಹಕ್ಕು, ತೆರಿಗೆ, ಸಮಿತಿ, ಸದಸ್ಯೆ, ಸಹಿ

ಮಾತಾಡೋಣ

1. ನಿಮ್ಮ ಊರಿನ ಶಾಲೆಗೆ ಈ ವರ್ಷ ಡಾಕ್ಟರು ಬಂದಿದ್ದರೇ?

2. ನಿಮ್ಮ ಮನೆಯಲ್ಲಿ ಓದದೆ ಇಟ್ಟ ಚೀಟಿ ಇದೆಯೇ? ನಾಳೆ ತನ್ನಿ. ಎಲ್ಲರೂ ಸೇರಿ ಓದೋಣ.

3. ನಿಮ್ಮ ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿ ಎಷ್ಟು ಜನ ಹೆಂಗಸರಿದ್ದಾರೆ? ಅವರ ಹೆಸರು ಬರೆಯಿರಿ.

ಲೆಕ್ಕ ಮಾಡಿ

ಒಂದು ಶಾಲೆಯಲ್ಲಿ 1ರಿಂದ 5ನೇ ತರಗತಿಯಲ್ಲಿ 40 ಮಕ್ಕಳಿದ್ದಾರೆ. ಒಂದು ದಿನಕ್ಕೆ ಎಷ್ಟು ಕಿಲೋ ಅಕ್ಕಿ ಬೇಕು? ಎಷ್ಟು ಗ್ರಾಂ ಬೇಳೆ ಬೇಕು?