ಒಂದೇ ತೋಟ, ಎರಡು ವರದಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅಡಿಕೆ ತೋಟಗಳು ಸಮತಟ್ಟಾಗಿರುವುದು ಅಪರೂಪ. ಮೇಲೆ ಮುರಕಲ್ಲಿನ ಬೆಟ್ಟು, ನಡುವೆ ಮಜಲು, ಕೆಳಗೆ ನೀರು ನಿಲ್ಲುವ ಬೈಲು. ಮೂರೂ ಒಬ್ಬರದೇ ಪಹಣಿಯಲ್ಲಿದ್ದರೂ ಮಣ್ಣಿನ ಗುಣ ಬೇರೆಬೇರೆ. ಎಲ್ಲವನ್ನೂ ಒಂದೇ ಬಕೆಟಿನಲ್ಲಿ ಕಲಸಿ ಕಳಿಸಿದರೆ ಬರುವ ವರದಿ ಮೂರರಲ್ಲಿ ಯಾವುದಕ್ಕೂ ಸಲ್ಲದು.

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಯೋಜನೆ ನೀರಾವರಿ ಭೂಮಿಯಲ್ಲಿ 2.5 ಹೆಕ್ಟೇರಿಗೆ ಒಂದು ಮಾದರಿ ಸಾಕೆಂದಿತು. ಬಯಲುಸೀಮೆಗೆ ಅದು ಹೊಂದೀತು. ಇಲ್ಲಿ ಆರು ಎಕರೆಯೊಳಗೆ ಗುಡ್ಡವೂ ತೋಡೂ ಬಂದುಬಿಡುತ್ತವೆ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಮರದ ಬುಡದಲ್ಲೇ ಇದೆ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. ಆ 140 ಗ್ರಾಂ ಎಂದರೆ ಸುಮಾರು 233 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್, ಅಷ್ಟೂ ಬೀಳುವುದು ಬುಡದ ಪಾತಿಗೆ. ಗೊಬ್ಬರ ಹಾಕಿದ ಹೊಸತರಲ್ಲಿ ಅಲ್ಲಿಂದ ಮಣ್ಣು ತೆಗೆದರೆ ವರದಿ ಪೊಟ್ಯಾಷ್ 'ಅಧಿಕ' ಎನ್ನುತ್ತದೆ. ಎರಡು ಸಾಲಿನ ನಡುವಿನ ಮಣ್ಣು ಕಳಿಸಿದರೆ 'ಕಡಿಮೆ'. ಮೊದಲನೆಯದನ್ನು ನಂಬಿ ಪೊಟ್ಯಾಷ್ ನಿಲ್ಲಿಸಿದವರು ಮಳೆಗಾಲದಲ್ಲಿ ಅದು ಬಸಿದುಹೋಗುತ್ತದೆ ಎಂಬುದನ್ನು ಮರೆತಿರುತ್ತಾರೆ.

ಸಾರಜನಕದ ಕಾಲಂ ಇನ್ನೂ ನಾಜೂಕು. ಹಲವು ಪ್ರಯೋಗಾಲಯಗಳು ಸಾವಯವ ಇಂಗಾಲದಿಂದಲೇ ಅದನ್ನು ಅಂದಾಜಿಸುತ್ತವೆ, 0.75 ಶೇಕಡಾ ದಾಟಿದರೆ 'ಅಧಿಕ'. ಸೊಪ್ಪು, ಹಟ್ಟಿಗೊಬ್ಬರ ಬೀಳುವ ತೋಟದಲ್ಲಿ ಅದನ್ನು ದಾಟುವುದು ಸುಲಭ. ಆದರೆ ಹುಳಿ ಮಣ್ಣಿನಲ್ಲಿ ಸೊಪ್ಪು ಕಳಿತು ಬೇರಿಗೆ ಸಿಗುವುದು ನಿಧಾನ. ಆದ್ದರಿಂದ ಆ ಒಂದು ಪದ ನೋಡಿ ಯೂರಿಯಾ ಕೈಬಿಡುವ ಬದಲು ಪಿಎಚ್ ನೋಡಬೇಕು. ಅದು 5 ಇದ್ದಲ್ಲಿ ಹುಳಿ 6 ಇರುವಲ್ಲಿಗಿಂತ ಹತ್ತು ಪಟ್ಟು ಹೆಚ್ಚು; ಸುಣ್ಣದ ಲೆಕ್ಕ ಬೆಟ್ಟಿಗೂ ಬೈಲಿಗೂ ಬೇರೆಯಾಗುವುದು ಇದರಿಂದಲೇ.

ಪ್ರಯೋಗಾಲಯವೂ ಹೊಣೆಯಿಂದ ಪೂರ್ತಿ ಮುಕ್ತವಲ್ಲ. ಹುಳಿ ಮಣ್ಣಿನ ರಂಜಕ ಅಳೆಯಲು ಬ್ರೇ ವಿಧಾನ ಸರಿ. ಓಲ್ಸನ್ ವಿಧಾನ ಸುಣ್ಣದಂಶದ ಮಣ್ಣಿಗಾಗಿ ಬಂದದ್ದು. ಎರಡರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಜಗಳವಾಡುವುದು ವ್ಯರ್ಥ.

ಮಳೆ ನಿಂತ ಮೇಲೆ, ಗೊಬ್ಬರ ಹಾಕುವ ಮೊದಲು, ಬೆಟ್ಟು, ಮಜಲು, ಬೈಲಿಗೆ ಬೇರೆಬೇರೆ ಮಾದರಿ ತೆಗೆಯಬೇಕು. ಪ್ರತಿ ಭಾಗದಲ್ಲೂ ಹತ್ತು-ಹದಿನೈದು ಮರಗಳ ಪಾತಿಯಿಂದ ಒಂದೇ ಆಳದ ಮಣ್ಣು ತೆಗೆದು ಕಲಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಕಳಿಸಬೇಕು. ಚೀಟಿಯಲ್ಲಿ ಜಾಗದ ಹೆಸರಿನ ಜೊತೆ ಕೊನೆಯ ಬಾರಿ ಗೊಬ್ಬರ, ಸುಣ್ಣ ಹಾಕಿದ ತಿಂಗಳನ್ನೂ ಬರೆದಿಟ್ಟರೆ ಮುಂದಿನ ವರದಿಯನ್ನು ಇದರೊಡನೆ ಹೋಲಿಸಿ ನೋಡಬಹುದು.